ಹಾರ್ಟ್ ಶೇಪ್ ಮುಖಕ್ಕೊಂದು ಚಾಳೀಸು

ನನ್ನ ಮುಖ ಹಾರ್ಟ್ ಶೇಪ್ ಅಂತೆ. ಐವತ್ತು ದಾಟುವ ತನಕ ಇದೇ ಮುಖ ಹೊತ್ತುಕೊಂಡು ತಿರುಗಿದ್ದೇನೆ, ಒಬ್ಬರಾದರೂ ಹೇಳಬಾರದಿತ್ತಾ? ಅಮ್ಮ ಮಾತ್ರ ‘ಹುಟ್ಟಿದಾಗ ಹಲಸಿನ ಬೀಜದ ಥರ ಇದ್ದೆ’ ಅನ್ನುತ್ತಿದ್ದಳು. ಅದು ಸತ್ಯಕ್ಕೆ ಹತ್ತಿರ.

ಸತ್ಯ ಕಂಡುಹಿಡಿದವನು ಕನ್ನಡಕದ ಅಂಗಡಿಯ ಹುಡುಗ. ಟ್ಯಾಬ್ ಎತ್ತಿ ಹಿಡಿದು ‘ನಗಬೇಡಿ ಸಾರ್’ ಅಂದ. ನಗುವ ಯೋಚನೆ ನನಗೂ ಇರಲಿಲ್ಲ. ಸರ್ವೆಯವರು ಸೈಟು ಅಳೆಯುವ ಹಾಗೆ ಹಣೆ, ಕೆನ್ನೆ, ಗದ್ದದ ಮೇಲೆ ಹಸಿರು ಗೆರೆ ಓಡಾಡಿದವು. ಒತ್ತುವರಿ ಏನೂ ಸಿಗಲಿಲ್ಲ. ‘ಹಾರ್ಟ್ ಶೇಪ್ ಸಾರ್. ನಿಮಗೆ ದಪ್ಪ ಫ್ರೇಮ್ ಬೇಡ, ರಿಮ್‌ಲೆಸ್ ಸೂಪರ್ ಆಗಿರತ್ತೆ’ ಅಂದ.

ನಾನು ಹೋಗಿದ್ದು ಅವರೆಕಾಯಿ ದೆಸೆಯಿಂದ. ಹಿಂದಿನ ಭಾನುವಾರ ಸುಲಿಯಲು ಕೂತಿದ್ದೆ. ಎರಡು ಕೆಜಿ ಸುಲಿದೆ ಅನ್ನೋ ಹೆಮ್ಮೆ ಬೇರೆ. ಮಧ್ಯಾಹ್ನ ಸಾರಿನಲ್ಲಿ ಹುಳ ತೇಲಿತು. ಹಸಿರು ಬಣ್ಣದ್ದು, ಚೆನ್ನಾಗಿ ಬೆಂದಿತ್ತು. ‘ರೀ, ನಿಮ್ಮ ಕಣ್ಣು ತೋರಿಸಿಕೊಂಡು ಬನ್ನಿ’ ಅಂತ ಮನೆಯಾಕೆ ಹೇಳಿದಳು. ಮುಖ ತೋರಿಸಿಕೊಂಡು ಬನ್ನಿ ಅಂತ ಹೇಳಿರಲಿಲ್ಲ.

ಕಣ್ಣು ನೋಡಿದ್ದು ಆರು ನಿಮಿಷ. ಮುಖ ನೋಡಿದ್ದು ಮುಕ್ಕಾಲು ಗಂಟೆ.

ಉತ್ತರ ಕರ್ನಾಟಕದ ಕಡೆ ಕನ್ನಡಕಕ್ಕೆ ಚಾಳೀಸು ಅಂತಾರೆ. ನಲವತ್ತಕ್ಕೆ ಬರುತ್ತದೆ, ಅದಕ್ಕೇ ಚಾಳೀಸು. ಎಂಥಾ ಮರ್ಯಾದಸ್ಥ ಹೆಸರು ನೋಡಿ. ಹಾಕಿಕೊಂಡರೆ ವಯಸ್ಸು ಕಾಣುತ್ತದೆ ಅಂತ ಹೆಸರಲ್ಲೇ ಒಪ್ಪಿಕೊಂಡಿದ್ದಾರೆ. ನಮ್ಮ ತಾತನ ಕನ್ನಡಕಕ್ಕೆ ಒಂದು ಕಡ್ಡಿ ಇರಲಿಲ್ಲ. ಆ ಕಡೆ ಗಾಳಿಪಟದ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಅದರಲ್ಲೇ ಪಂಚಾಂಗ, ಅದರಲ್ಲೇ ಪಹಣಿ, ಅದರಲ್ಲೇ ನಮ್ಮ ಮಾರ್ಕ್ಸ್ ಕಾರ್ಡು. ಅವರ ಮುಖ ಯಾವ ಶೇಪೋ ಗೊತ್ತಿಲ್ಲ. ಮಾರ್ಕ್ಸ್ ಕಾರ್ಡು ಕೈಯಲ್ಲಿ ಹಿಡಿದಾಗ ನೋಡುವ ಧೈರ್ಯ ನಮಗಿರಲಿಲ್ಲ.

ಗಾಂಧೀಜಿ ಈ ಅಂಗಡಿಗೆ ಬಂದಿದ್ದರೆ ಹುಡುಗ ಆ ದುಂಡು ಫ್ರೇಮನ್ನು ಮುಟ್ಟಲೂ ಬಿಡುತ್ತಿರಲಿಲ್ಲ ಅಂತ ಕಾಣುತ್ತದೆ. ಸದ್ಯ, 2014ರಿಂದ ಆ ಕನ್ನಡಕ ಸ್ವಚ್ಛ ಭಾರತದ ಗುರುತಾಗಿ ಗೋಡೆ ಗೋಡೆಯ ಮೇಲೆ ಕೂತಿದೆ. ನಮ್ಮ ಬೀದಿ ತುದಿಯಲ್ಲೂ ಇದೆ. ಒಂದು ಗಾಜಿನಲ್ಲಿ ಸ್ವಚ್ಛ, ಇನ್ನೊಂದರಲ್ಲಿ ಭಾರತ. ಕೆಳಗೆ ಕಸದ ಗುಡ್ಡೆ. ಹಿಂದೆ ಕಣ್ಣಿಲ್ಲ, ಬರೀ ಕನ್ನಡಕ. ಹಾಗಾಗಿ ಯಾರಿಗೂ ಮುಜುಗರವಿಲ್ಲ.

ಅಂಗಡಿಗೆ ವಾಪಸ್ ಬರೋಣ. ಹುಡುಗ ಪೆನ್ನಿನಂಥ ನೀಲಿ ಟಾರ್ಚು ತೆಗೆದು ಕಾರ್ಡಿನ ಮೇಲೆ ಬಿಟ್ಟ. ಮಧ್ಯೆ ಒಂದು ಗಾಜು ಹಿಡಿದ. ಬೆಳಕು ಮಾಯ! ‘ಇದೇ ಬ್ಲೂ ಕಟ್ ಸಾರ್. ಫೋನ್ ನೋಡಿದ್ರೂ ಕಣ್ಣಿಗೆ ಸುಸ್ತಾಗಲ್ಲ.’ ಜಾತ್ರೆಯಲ್ಲಿ ಕೋಳಿಮೊಟ್ಟೆ ಮಾಯ ಮಾಡುವವನಿಗೆ ನಾವು ಹತ್ತು ರೂಪಾಯಿ ಹಾಕಿ ಬರುತ್ತಿದ್ದೆವು. ಇಲ್ಲಿ 1,200 ಜಾಸ್ತಿ. 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದ ಕಾಕ್ರೇನ್ ಸಂಸ್ಥೆಯವರು, ಕಂಪ್ಯೂಟರ್ ಮುಂದಿನ ಕಣ್ಣಿನ ಸುಸ್ತು ಈ ಗಾಜಿನಿಂದ ಕಮ್ಮಿಯಾಗುವ ಹಾಗೆ ಕಾಣುವುದಿಲ್ಲ ಅಂತ 2023ರಲ್ಲೇ ಹೇಳಿದರು. ಪಾಪ, ಅವರ ಹತ್ತಿರ ಟಾರ್ಚು ಇರಲಿಲ್ಲ.

ಬಿಲ್ಲು 14,800. ನನ್ನ ಹಾರ್ಟ್ ಶೇಪ್ ಮುಖ ಇಡ್ಲಿ ಶೇಪಾಯಿತು. ಹುಡುಗ ಸಮಾಧಾನ ಮಾಡಿದ: ‘ಒಂದಕ್ಕೆ ಒಂದು ಫ್ರೀ ಸಾರ್. ಇನ್ನೊಂದು ಕೂಲಿಂಗ್ ಗ್ಲಾಸ್ ಮಾಡಿಸ್ಕೊಳ್ಳಿ.’ ನಾನೂ ಸಮಾಧಾನ ಮಾಡಿಕೊಂಡೆ. ಕೇರಳದ ವಿಧಾನಸಭೆಯ ಆಗಿನ ಸ್ಪೀಕರ್ ಕನ್ನಡಕಕ್ಕೆ ಸರ್ಕಾರದಿಂದ 49,900 ಪಡೆದ ಕಥೆ 2018ರಲ್ಲಿ ಹೊರಬಿತ್ತಲ್ಲ, ಅದರಲ್ಲಿ ಫ್ರೇಮಿಗೆ ಬರೀ 4,900. ಗಾಜಿಗೇ 45,000. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದು ಅಲ್ಲೇ. ಹೊರಗಿನ ಶೋಕಿಗೆ ಕಮ್ಮಿ, ಒಳಗಿನ ದೃಷ್ಟಿಗೆ ಜಾಸ್ತಿ.

ಕೂಲಿಂಗ್ ಗ್ಲಾಸ್ ನಾನು ಚಿಕ್ಕಂದಿನಲ್ಲಿ ಹಾಕಿದ್ದು ಮದ್ರಾಸ್ ಐ ಬಂದಾಗ ಮಾತ್ರ. ಆಮೇಲೆ ಮೈಗೆ ಒಗ್ಗಲಿಲ್ಲ. ಈಗ ಅದು ಇಲ್ಲದೆ ಈ ರಾಜ್ಯದಲ್ಲಿ ನಾಯಕನಾಗೋಕೇ ಸಾಧ್ಯವಿಲ್ಲ. ಯಾವ ಸರ್ಕಲ್ಲಿನ ಫ್ಲೆಕ್ಸ್ ಬೇಕಾದರೂ ನೋಡಿ. ‘ಬಡವರ ಬಂಧು, ಯುವಕರ ಕಣ್ಮಣಿ’ಗೆ ಹುಟ್ಟುಹಬ್ಬದ ಶುಭಾಶಯ. ಕಣ್ಮಣಿಯ ಕಣ್ಣು ಮಾತ್ರ ಕಾಣುವುದಿಲ್ಲ, ಕಪ್ಪು ಗಾಜು. ಕೆಳಗಿನ ಸಾಲಿನಲ್ಲಿ ಹದಿನೆಂಟು ಶುಭ ಕೋರುವವರು, ಅಂಚೆಚೀಟಿ ಗಾತ್ರದ ಹದಿನೆಂಟು ಕಪ್ಪು ಕನ್ನಡಕ. ನಮ್ಮ ಏರಿಯಾದ ಒಂದು ಫ್ಲೆಕ್ಸಿನಲ್ಲಿ ಗಾಜಿನೊಳಗೆ ಫೋಟೊ ತೆಗೆದವನ ಬಿಂಬ ಇದೆ, ಪಕ್ಕದಲ್ಲೇ ಮದುವೆ ಛತ್ರದ ಊಟದ ಸಾಲೂ ಇದೆ. ಆ ಸಾಲಿನಲ್ಲಿ ನಾನಿದ್ದೀನಾ ಅಂತ ಎರಡು ಸಿಗ್ನಲ್ ಬಿಡುವ ತನಕ ಹುಡುಕಿದ್ದೇನೆ.

ಇದೇ ಗಾಜು ಹಾಕಿಕೊಂಡು ಬರ ನೋಡಲು ಹೋಗುತ್ತಾರೆ. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತ ಗಾದೆ. ಹಸಿರು ಗಾಜಿಗೆ ಒಣಗಿದ ಜೋಳವೂ ಹಸಿರೇ. ಪರಿಹಾರ ಯಾಕೆ ಕಮ್ಮಿ ಬಂತು ಅಂತ ರೈತರು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ.

ಆದರೆ ಕೂಲಿಂಗ್ ಗ್ಲಾಸಿಗೂ ಅಂತಸ್ತು ಬೇಕು. 2015ರ ಮೇ ತಿಂಗಳಲ್ಲಿ, ಛತ್ತೀಸಗಢದ ಆ ಬಿಸಿಲಿನಲ್ಲಿ, ಬಸ್ತರ್ ಜಿಲ್ಲಾಧಿಕಾರಿ ಕಪ್ಪು ಕನ್ನಡಕದಲ್ಲೇ ಪ್ರಧಾನಿಯ ಕೈ ಕುಲುಕಿದರು. ರಾಜ್ಯ ಸರ್ಕಾರ 1968ರ ನಡತೆ ನಿಯಮ ತೋರಿಸಿ ಎಚ್ಚರಿಕೆ ಪತ್ರ ಕೊಟ್ಟಿತು. 2019ರ ಡಿಸೆಂಬರ್ ಗ್ರಹಣದ ದಿನ ಪ್ರಧಾನಿಯೇ ಕಪ್ಪು ಕನ್ನಡಕದಲ್ಲಿ ನಿಂತ ಫೋಟೊ ಬಂತು. ಮೋಡ ಮುಚ್ಚಿ ಅವರಿಗೆ ಸೂರ್ಯ ಕಾಣಲಿಲ್ಲ. ಇಡೀ ದೇಶಕ್ಕೆ ಕನ್ನಡಕ ಕಂಡಿತು. ಬೆಲೆ ಎಷ್ಟಿರಬಹುದು ಅಂತ ಲೆಕ್ಕ ಹಾಕಿದ್ದೇ ಹಾಕಿದ್ದು.

ನಮ್ಮ ಬೀದಿಯಲ್ಲಿ ಸೀರೆಗೆ ಫಾಲ್ಸ್ ಹಾಕುವ ಅಕ್ಕ ಒಬ್ಬರಿದ್ದಾರೆ. ಸೂಜಿಗೆ ದಾರ ಪೋಣಿಸೋಕೆ ಸ್ಕೂಲಿಂದ ಮಕ್ಕಳು ಬರುವ ತನಕ ಕಾಯುತ್ತಾರೆ. ಬಂದ ಮಕ್ಕಳ ಕೈಲಿ ಒಂದೇ ಸಲ ಹತ್ತು ಸೂಜಿಗೆ ಪೋಣಿಸಿ ದಿಂಬಿಗೆ ಚುಚ್ಚಿಟ್ಟುಕೊಳ್ಳುತ್ತಾರೆ. ಫುಟ್‌ಪಾತಿನಲ್ಲಿ ನೂರೈವತ್ತು ರೂಪಾಯಿಗೆ ಓದುವ ಕನ್ನಡಕ ಸಿಗುತ್ತಲ್ಲಕ್ಕ ಅಂದೆ. ‘ಚೆನ್ನಾಗಿ ಕಾಣಲ್ಲ ಸಾರ್, ಮನೇಲಿ ನಗ್ತಾರೆ’ ಅಂದರು.

ಇದರಲ್ಲಿ ತಮಾಷೆ ಏನೂ ಇಲ್ಲ. ಹತ್ತಿರದ್ದು ಕಾಣಲು ಬರೀ ಒಂದು ಕನ್ನಡಕ ಬೇಕು, ಅದೂ ಇಲ್ಲ ಅನ್ನುವವರು ಜಗತ್ತಿನಲ್ಲಿ 82 ಕೋಟಿಗೂ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಅಸ್ಸಾಮಿನಲ್ಲಿ ನಲವತ್ತು ದಾಟಿದ ಟೀ ಎಲೆ ಕೀಳುವವರಿಗೆ ಸಾದಾ ಕನ್ನಡಕ ಕೊಟ್ಟು ನೋಡಿದರು. ಕನ್ನಡಕ ಸಿಕ್ಕವರು ಕೀಳುವ ಎಲೆಯ ಏರಿಕೆ, ಸಿಗದವರ ಏರಿಕೆಗಿಂತ ಸುಮಾರು 22 ಶೇಕಡಾ ಜಾಸ್ತಿ ಇತ್ತು. 2018ರಲ್ಲಿ ವರದಿ ಬಂತು. ಅವರ ಮುಖ ಯಾವ ಶೇಪ್ ಅಂತ ಯಾರೂ ಅಳೆಯಲಿಲ್ಲ. ನಲವತ್ತು ದಾಟಿದ ಹೆಂಗಸು ಕನ್ನಡಕ ಹಾಕಿದರೆ ನಗುವ ಮನೆ, ಐವತ್ತು ದಾಟಿದ ಗಂಡಸಿಗೆ ಹಾರ್ಟ್ ಶೇಪ್ ಅನ್ನುವ ಅಂಗಡಿ. ನಾನು ಹಲ್ಲು ಕಿರಿದು ಕಾರ್ಡು ಉಜ್ಜಿ ಬಂದೆ. ನಾಚಿಕೆಯಾಗಬೇಕು ನನಗೆ.

ಹೊಸ ಕನ್ನಡಕ ಹಾಕಿಕೊಂಡು ಮೊದಲು ಹೋಗಿದ್ದು ಒಂದು ಸರ್ಕಾರಿ ಕಚೇರಿಗೆ, ಕಾರ್ಡಿನ ಫೋಟೊ ತೆಗೆಸಲು. ಸ್ಟೂಲಿನ ಮೇಲೆ ನೆಟ್ಟಗೆ ಕೂತು, ರಿಮ್‌ಲೆಸ್ ಸರಿಮಾಡಿಕೊಂಡು, ಗದ್ದ ಸ್ವಲ್ಪ ಎತ್ತಿದೆ.

‘ಕನ್ನಡಕ ತೆಗೀರಿ’ ಅಂದರು.

ತೆಗೆದೆ. ಅವರೇ ಇಸಕೊಂಡು ಪ್ರಿಂಟರ್ ಮೇಲಿಟ್ಟರು. ಫೋಟೊ ಹೊಡೆದು ಸ್ಕ್ರೀನ್ ನನ್ನ ಕಡೆ ತಿರುಗಿಸಿ, ‘ಎಲ್ಲಾ ಸರಿ ಇದ್ಯಾ, ಒಂದ್ಸಲ ನೋಡ್ಕೊಳ್ಳಿ’ ಅಂದರು. ಬೆಳ್ಳಗೆ ಏನೋ ಇತ್ತು, ಮಧ್ಯೆ ಕಪ್ಪಗೆ ಏನೋ ಇತ್ತು. ಹಿಂದೆ ಇಪ್ಪತ್ತು ಜನ ಲೊಚಗುಟ್ಟುತ್ತಿದ್ದರು. ‘ಎಲ್ಲಾ ಸರಿ ಇದೆ’ ಅಂದೆ.

ಮನೆಗೆ ಬಂದು ಚೀಟಿ ಬಿಚ್ಚಿ ಕನ್ನಡಕದಲ್ಲಿ ಓದಿದೆ. 1974ರಲ್ಲಿ ಹುಟ್ಟಿದವನು 1947ರಲ್ಲಿ ಹುಟ್ಟಿದ್ದೆ. ಮನೆಯಾಕೆ ಚೀಟಿ ಇಸಕೊಂಡು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

‘ಬಿಡ್ರೀ, ಆ ವಯಸ್ಸಿಗೆ ಈ ಫ್ರೇಮು ತುಂಬಾ ಚೆನ್ನಾಗಿ ಒಪ್ಪತ್ತೆ.’