ಪಾಪರ್ ಅರ್ಜಿಯಲ್ಲಿ ಹೆಂಡತಿಯ ದುಡಿಮೆಗೆ ಯಾವ ಕಲಮು?

ಹೊಸೂರಿನ ಸುತ್ತಮುತ್ತ ಲೇತ್ ವರ್ಕ್‌ಷಾಪು, ಪ್ಯಾಕಿಂಗ್ ಘಟಕ, ಹೂವಿನ ವ್ಯಾಪಾರ ನಡೆಸುವವರ ಲೆಕ್ಕ ಬರೆಯುವುದು ನನ್ನ ಕೆಲಸ. ವ್ಯಾಪಾರ ಮುಳುಗಿ ಸಾಲ ತೀರಿಸುವ ದಾರಿ ಕಾಣದೆ ನ್ಯಾಯಾಲಯಕ್ಕೆ ಪಾಪರ್ ಅರ್ಜಿ, ಅಂದರೆ ದಿವಾಳಿ ಅರ್ಜಿ, ಹಾಕಲು ಹೊರಟವರು, ಇಲ್ಲಿನ ತಮಿಳರ ಮಾತಿನಲ್ಲಿ ‘ಮಂಜಳ್ ನೋಟೀಸ್’ ಕೊಡಲು ಹೊರಟವರು, ಹಿಂದೂಪುರದ ಕಡೆಯವರ ಮಾತಿನಲ್ಲಿ ‘ಐಪಿ’ ಹಾಕಲು ಹೊರಟವರು, ವಕೀಲರ ಬಳಿಗೆ ಹೋಗುವ ಮುನ್ನ ಸಾಲ ಮತ್ತು ಆಸ್ತಿಯ ಪಟ್ಟಿ ಮಾಡಿಸಿಕೊಳ್ಳಲು ಬರುವುದುಂಟು. ಗಂಡನ ಕೈಸಾಲ, ಗಂಡನ ಯಂತ್ರ, ಗಂಡನ ಬ್ಯಾಂಕ್ ಖಾತೆ ಎಲ್ಲವೂ ಆ ಪಟ್ಟಿಗಳಲ್ಲಿ ಇರುತ್ತವೆ. ವರ್ಕ್‌ಷಾಪು ಬಾಗಿಲು ಹಾಕಿದ ಮೇಲೂ ಆ ಮನೆ ಯಾರ ಸಂಬಳದಿಂದ ನಡೆಯುತ್ತಿದೆ ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ. ಈ ಮೌನ ಹೆಂಡತಿಯನ್ನು ಕಾಪಾಡುತ್ತದೆ ಎಂದು ನಮ್ಮವರು ನಂಬಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಅಮೆರಿಕದಲ್ಲಿರುವ ನನ್ನ ಸೋದರಮಾವನ ಮಗ ಅಲ್ಲಿ ಇಂಥದೇ ಅರ್ಜಿಗೆ ಸಿದ್ಧನಾಗುವಾಗ ಲೆಕ್ಕಕ್ಕೆ ನೆರವು ಕೇಳಿ ಕಳುಹಿಸಿದ ನಮೂನೆಗಳನ್ನು ಓದಿದ ಮೇಲಂತೂ ಈ ಅಭಿಪ್ರಾಯ ಗಟ್ಟಿಯಾಯಿತು.

ಅಲ್ಲಿನ ಅರ್ಜಿಯೊಂದಿಗೆ ‘ಶೆಡ್ಯೂಲ್ ಐ’ ಎಂಬ ಆದಾಯದ ಪಟ್ಟಿಯನ್ನೂ ‘ಶೆಡ್ಯೂಲ್ ಜೆ’ ಎಂಬ ಖರ್ಚಿನ ಪಟ್ಟಿಯನ್ನೂ ಲಗತ್ತಿಸಬೇಕು. ಖರ್ಚಿನ ಪಟ್ಟಿಯಲ್ಲಿ ತೋರಿಸಿದ ವೆಚ್ಚಗಳಿಗೆ ಬೇರೆ ಯಾರಾದರೂ ನಿಯತವಾಗಿ ಹಣ ಕೊಡುತ್ತಿದ್ದರೆ, ಅವರು ಮದುವೆಯಾಗದೆ ಜೊತೆಗಿರುವ ಸಂಗಾತಿಯಾಗಲಿ, ಮನೆಯಲ್ಲಿರುವ ನೆಂಟರಾಗಲಿ, ಕೋಣೆ ಹಂಚಿಕೊಂಡ ಸ್ನೇಹಿತರಾಗಲಿ, ಆ ಮೊತ್ತವನ್ನು ಆದಾಯದ ಪಟ್ಟಿಯ 11ನೇ ಸಾಲಿನಲ್ಲಿ ಬರೆಯಬೇಕು. ಇದಲ್ಲದೆ ಅರ್ಜಿದಾರರನ್ನು ಜರಡಿ ಹಿಡಿಯಲು 2005ರ ಕಾಯ್ದೆ ತಂದ ಆದಾಯ ಪರೀಕ್ಷೆಯೊಂದಿದೆ. ಅರ್ಜಿಯ ತಿಂಗಳಿಗೆ ಹಿಂದಿನ ಆರು ಪೂರ್ಣ ತಿಂಗಳುಗಳ ಸರಾಸರಿ ತೆಗೆದು, ಅದನ್ನು ಆ ರಾಜ್ಯದಲ್ಲಿ ಅಷ್ಟೇ ಜನರಿರುವ ಕುಟುಂಬದ ಮಧ್ಯಾಂಕ ಆದಾಯಕ್ಕೆ (ಅರ್ಧ ಕುಟುಂಬಗಳು ಅದಕ್ಕಿಂತ ಹೆಚ್ಚು, ಅರ್ಧ ಕಡಿಮೆ ಗಳಿಸುವ ಮೊತ್ತಕ್ಕೆ) ಹೋಲಿಸುತ್ತಾರೆ. ದಂಪತಿ ಒಂದೇ ಮನೆಯಲ್ಲಿದ್ದರೆ, ಅರ್ಜಿ ಹಾಕದ ಹೆಂಡತಿಯ ಅಥವಾ ಗಂಡನ ಸಂಪಾದನೆಗೂ ಅಲ್ಲಿ ಪ್ರತ್ಯೇಕ ಕಲಮು ಇದೆ.

ಹೊಸೂರಿನದೇ ಒಂದು ಮನೆಯನ್ನು ಕಲ್ಪಿಸಿಕೊಂಡು ಆ ಲೆಕ್ಕ ಹಾಕಿ ನೋಡೋಣ. ಹೆಂಡತಿಗೆ ಕಾರ್ಖಾನೆಯಲ್ಲಿ ತಿಂಗಳಿಗೆ 18,000 ರೂಪಾಯಿ ಸಂಬಳ. ಮನೆಬಾಡಿಗೆಗೆ 7,000, ದಿನಸಿ ಮತ್ತು ಮಕ್ಕಳ ಶಾಲೆಗೆ 5,000 ಕೊಡುತ್ತಾಳೆ. ತನ್ನ ಹೆಸರಿನ ಚಿನ್ನದ ಸಾಲಕ್ಕೆ 3,000, ತವರಿನಲ್ಲಿರುವ ತಾಯಿಗೆ 3,000 ಹೋಗುತ್ತದೆ. ಇಬ್ಬರೂ ಮದುವೆಯಾಗದೆ ಜೊತೆಗಿರುವವರಾದರೆ ಅಮೆರಿಕದ ನಮೂನೆಗೆ ಬೇಕಾದದ್ದು ಮನೆಗೆ ಬಂದ 12,000 ಮಾತ್ರ. ಮದುವೆಯಾದವರಾದರೆ ಮೊದಲು 18,000 ಪೂರ್ತಿ ಬರೆಯಬೇಕು. ಮನೆಖರ್ಚಿಗೆ ಬಾರದ 6,000ವನ್ನು ಕಾರಣ ಸಮೇತ ಕಳೆಯುವ ಅವಕಾಶ ಮುಂದಿನ ನಮೂನೆಯಲ್ಲಿ ಬರುತ್ತದೆ. ಕೊನೆಗೆ ನಿಲ್ಲುವ ಮೊತ್ತ ಒಂದೇ ಆದರೂ ಮೊದಲ ಜರಡಿಯಲ್ಲಿ ಲೆಕ್ಕಕ್ಕೆ ಸಿಗುವುದು ಪೂರ್ಣ ಸಂಬಳ. ತಾನು ಮಾಡದ ಸಾಲಕ್ಕಾಗಿ ಆಕೆಯ ಸಂಪಾದನೆಯನ್ನು ಮೊದಲು ಗಂಡನ ಪಕ್ಕಕ್ಕೆ ಕೂಡಿಸಿ ಆಮೇಲೆ ಬಿಡಿಸುವ ಈ ಕ್ರಮ ನನಗೆ ಹಿಡಿಸಲಿಲ್ಲ. ಹಿಡಿಸಿದ್ದು, ‘ಸಂಪಾದಿಸಿದ್ದೆಷ್ಟು, ಮನೆಗೆ ಹಾಕಿದ್ದೆಷ್ಟು’ ಎಂದು ಬಿಡಿಸಿ ಕೇಳುವ ಕ್ರಮ.

ಬಿಡಿಸಿ ಬರೆಯುವಾಗ ನಮ್ಮಲ್ಲಿ ಹಲವರು ಎಡವುವ ಜಾಗವೊಂದಿದೆ. ಬಾಡಿಗೆಯನ್ನು ಹೆಂಡತಿ ನೇರವಾಗಿ ಮನೆಯ ಮಾಲೀಕರಿಗೆ ಕೊಡುತ್ತಿದ್ದಾಳೆ ಎಂದಾದರೆ, ಆ 7,000ವನ್ನು ಗಂಡನ ಖರ್ಚಿನಲ್ಲಿ ತೋರಿಸಿ ಆಕೆಯ ಕೊಡುಗೆಯಲ್ಲಿ ತೋರಿಸದಿದ್ದರೆ ಆತ ಇಲ್ಲದ ಬಡತನವನ್ನು ಹೇಳಿಕೊಂಡಂತಾಗುತ್ತದೆ; ಕೊಡುಗೆಯಲ್ಲಿ ತೋರಿಸಿ ಖರ್ಚಿನಲ್ಲಿ ಬಿಟ್ಟರೆ ಕೈಯಲ್ಲಿಲ್ಲದ ಹಣ ಇದೆ ಎಂದಂತಾಗುತ್ತದೆ. ಎರಡೂ ಕಡೆ ಬರೆಯಬೇಕು, ಇಲ್ಲವೇ ಎರಡೂ ಕಡೆ ಬಿಡಬೇಕು. ಅತ್ತೆಯ ಪಿಂಚಣಿಯಿಂದ ಗ್ಯಾಸ್ ಸಿಲಿಂಡರ್ ಬರುವ ಮನೆಗೂ ಇದೇ ನಿಯಮ. 2023ರಿಂದ ಗಡಿಯ ಈಚೆ ತಮಿಳುನಾಡಿನಲ್ಲಿ ಮನೆಯೊಡತಿಗೆ ತಿಂಗಳಿಗೆ 1,000 ರೂಪಾಯಿಯ ಕಲೈಞರ್ ಮಗಳಿರ್ ಉರಿಮೈ ತೊಗೈ, ಅತ್ತಿಬೆಲೆ ದಾಟಿದರೆ 2,000 ರೂಪಾಯಿಯ ಗೃಹಲಕ್ಷ್ಮಿ ಬರುತ್ತಿದೆಯಲ್ಲ, ಅದನ್ನೂ ಆಕೆಯ ಪಾಲೆಂದೇ ಬರೆಯಬೇಕು. ಆ ಹಣ ಗಂಡನದಲ್ಲ.

ಇನ್ನು ನಮ್ಮ ಕಾನೂನು. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗಾಗಿ ಮೂರನೆಯ ಭಾಗವೊಂದಿದ್ದರೂ, 2019ರ ಡಿಸೆಂಬರ್ 1ರಂದು ಅದು ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಆ ಭಾಗದಲ್ಲಿರುವ ಸಣ್ಣ ಸಾಲಗಾರರ ಸಾಲಮುಕ್ತಿಗೂ ವರ್ಷಕ್ಕೆ 60,000 ರೂಪಾಯಿಯ ಮಿತಿ ಇಟ್ಟಿರುವುದು ಸಾಲಗಾರನ ಆದಾಯಕ್ಕೆ, ಮನೆಯ ಆದಾಯಕ್ಕಲ್ಲ. ಹೊಸೂರಿನ ವರ್ಕ್‌ಷಾಪಿನವನಿಗೆ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅದರ 13ನೇ ಕಲಮು ಸಾಲಗಾರನ ಸಾಲಗಳ ವಿವರವನ್ನೂ ಆತನ ಆಸ್ತಿಯ ವಿವರವನ್ನೂ ಕೇಳುತ್ತದೆ. ಹೆಂಡತಿ ಮನೆಗೆ ಏನು ಹಾಕುತ್ತಾಳೆಂದು ಕೇಳುವುದಿಲ್ಲ.

ಕೇಳದ ಕಾನೂನೇ ಮುಂದೆ ಆಕೆಯನ್ನು ಸಂಶಯದಿಂದ ನೋಡುತ್ತದೆ ಎಂಬುದನ್ನು ನಮ್ಮವರು ಮರೆಯುತ್ತಾರೆ. ಅದೇ ಕಾಯ್ದೆಯ 53ನೇ ಕಲಮಿನಂತೆ, ಅರ್ಜಿಗೆ ಹಿಂದಿನ ಎರಡು ವರ್ಷಗಳೊಳಗೆ ಸಾಲಗಾರನು ಮಾಡಿದ ಆಸ್ತಿ ವರ್ಗಾವಣೆಯನ್ನು, ಅದು ಪ್ರಾಮಾಣಿಕವಾಗಿ ತಕ್ಕ ಪ್ರತಿಫಲಕ್ಕೆ ಆದದ್ದಲ್ಲದಿದ್ದರೆ, ನ್ಯಾಯಾಲಯ ರದ್ದುಪಡಿಸಬಹುದು. ಹತ್ತು ವರ್ಷ ಮನೆಸಾಲದ ಕಂತಿಗೆ ಅರ್ಧ ಸಂಬಳ ಸುರಿದ ಹೆಂಡತಿಯ ಹೆಸರಿಗೆ ಗಂಡ ಕಳೆದ ವರ್ಷ ಮನೆ ಬರೆದುಕೊಟ್ಟಿದ್ದರೆ, ಬರಹದಲ್ಲಿ ಯಾವ ಗುರುತೂ ಇಲ್ಲದಾಗ ಅದು ಸಾಲ ಕೊಟ್ಟವರ ಕಣ್ಣು ತಪ್ಪಿಸಲು ಮಾಡಿದ ದಾನದಂತೆ ಕಾಣುತ್ತದೆ. ಆಕೆ ಒಡವೆ ಗಿರವಿ ಇಟ್ಟು ಯಂತ್ರಕ್ಕೆ ಕೊಟ್ಟ ಹಣವನ್ನು ಅರ್ಜಿಯ ಹಿಂದಿನ ಮೂರು ತಿಂಗಳಲ್ಲಿ ತರಾತುರಿಯಿಂದ ಹಿಂತಿರುಗಿಸಿದರೆ, ಉಳಿದವರನ್ನು ಬಿಟ್ಟು ಒಬ್ಬರಿಗೆ ಮಾತ್ರ ಅನುಕೂಲ ಮಾಡಿಕೊಟ್ಟ ಆಕ್ಷೇಪ 54ನೇ ಕಲಮಿನ ಅಡಿಯಲ್ಲಿ ಬರುತ್ತದೆ. ಆ ಹಣ ಹಿಂತಿರುಗಿಸುವ ಮಾತಿನ ಮೇಲೆ ಬಂದದ್ದಾದರೆ ಅದು ಸಾಲ. ಆಕೆಯ ಹೆಸರು ಸಾಲ ಕೊಟ್ಟವರ ಪಟ್ಟಿಯಲ್ಲಿಯೇ ಇರಬೇಕು. ದಿನಸಿಗೆ ಕೊಟ್ಟ ಹಣ ಸಾಲವಲ್ಲ. ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಎರಡರ ಮೇಲೂ ನಂಬಿಕೆ ಹೋಗುತ್ತದೆ.

2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್, ಗಂಡ ಹೊರದೇಶದಲ್ಲಿ ದುಡಿದು ಕಳುಹಿಸಿದ ಹಣದಿಂದ ಕೊಂಡ ಆಸ್ತಿಯಲ್ಲಿ ಮನೆ ನೋಡಿಕೊಂಡ ಹೆಂಡತಿಗೂ ಸಮಪಾಲು ಇದೆ ಎಂದಿತು. ದೊಡ್ಡ ಮಾತು, ಸಂತೋಷ. ಆದರೆ ಅದು ಒಂದೇ ಕುಟುಂಬದೊಳಗಿನ ವ್ಯಾಜ್ಯ. ಸಾಲ ಕೊಟ್ಟವರು ಎದುರು ನಿಂತ ವ್ಯಾಜ್ಯದಲ್ಲಿ ಅದನ್ನೇ ನೆಚ್ಚಿ ಕೂರುವಂತಿಲ್ಲ. ಸ್ತ್ರೀಧನದ ಮಾತು ಹೆಚ್ಚು ಗಟ್ಟಿ: ಅದು ಹೆಂಡತಿಯ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟ್ 1985ರಲ್ಲಿಯೇ ಹೇಳಿದೆ. ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆ, ಸಂಪ್ರದಾಯದಂತೆ ಹೆಂಗಸರು ಮೈಮೇಲಿಂದ ತೆಗೆಯಲಾಗದ ಒಡವೆ ಇವುಗಳನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಜಪ್ತಿಯಿಂದ ಹೊರಗಿಟ್ಟಿದೆ.

‘ಹೆಂಡತಿಯ ಸಂಬಳ ಕಾಗದದ ಮೇಲೆ ಬಂದರೆ ಬಡ್ಡಿಯವರು ಅವಳನ್ನು ಹಿಡಿಯುತ್ತಾರೆ’ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕಂದುವಟ್ಟಿಯ, ಅಂದರೆ ಮೀಟರ್ ಬಡ್ಡಿಯಂಥ ಸುಲಿಗೆ ಬಡ್ಡಿಯ, ವಿರುದ್ಧ ತಮಿಳುನಾಡಿನಲ್ಲಿ 2003ರಿಂದ ಕಾಯ್ದೆ ಇದ್ದರೂ ಬಾಗಿಲಿಗೆ ಬಂದು ಕೂರುವವರು ಕಾಯ್ದೆ ಓದಿ ಬರುವುದಿಲ್ಲ. ಆದರೆ ಆಕೆಯನ್ನು ನಿಜವಾಗಿ ಸಿಕ್ಕಿಸುವುದು ಸಂಬಳದ ಸುದ್ದಿಯಲ್ಲ, ಸಾಲಪತ್ರದ ಮೇಲಿನ ಸಹಿ. ಗಂಡನೊಂದಿಗೆ ಸಹಸಾಲಗಾರ್ತಿಯಾಗಿಯೋ ಜಾಮೀನಾಗಿಯೋ ಸಹಿ ಹಾಕಿದ್ದರೆ, ಗಂಡನಿಗೆ ಸಾಲಮುಕ್ತಿ ದೊರೆತ ಮಾತ್ರಕ್ಕೆ ಆಕೆಯ ಹೊಣೆ ಹೋಗುವುದಿಲ್ಲವೆಂದು 1920ರ ಕಾಯ್ದೆಯ 44ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಸಹಿ ಇಲ್ಲದ ಕಡೆ ಆಕೆಯ ಸಂಪಾದನೆ ಆಕೆಯದೇ. ಆದ್ದರಿಂದ ಯಾವ ಸಾಲಕ್ಕೆ ಯಾರ ಸಹಿ ಇದೆ ಎಂದು ಮೊದಲು ಪ್ರತಿಗಳನ್ನು ತರಿಸಿ ನೋಡಬೇಕು.

ಅಮೆರಿಕದಂತೆ ಆರು ತಿಂಗಳ ಸರಾಸರಿ ಹಿಡಿಯುವುದು ನಮ್ಮಲ್ಲಿಯೂ ಒಳ್ಳೆಯ ಅಭ್ಯಾಸ. ಒಂದು ತಿಂಗಳ ಬೋನಸ್ಸು ಅಥವಾ ಒಂದು ತಿಂಗಳ ಲೇ-ಆಫ್ ಲೆಕ್ಕವನ್ನು ತಿರುಚುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಪಾವತಿಯ ವಿವರ, ಗಿರವಿ ಚೀಟಿ, ಚೀಟಿ ಕಂಪನಿಯ ಪಾಸ್‌ಬುಕ್, ಇವುಗಳಿಂದ ಮನೆಗೆ ಹಾಕಿದ್ದು, ಗಂಡನಿಗೆ ಸಾಲ ಕೊಟ್ಟದ್ದು, ತನ್ನದಾಗಿಯೇ ಉಳಿದದ್ದು ಎಂದು ಬೇರೆ ಬೇರೆಯಾಗಿ ಬರೆದು ಅರ್ಜಿಯ ಜೊತೆ ಹೆಂಡತಿಯ ಅಫಿಡವಿಟ್ಟಾಗಿ ಇಡಬಹುದೇ ಎಂದು ವಕೀಲರನ್ನು ಕೇಳಬೇಕು. ಅದನ್ನು ಗಂಡ ಬರೆದು ತಂದು ‘ಇಲ್ಲಿ ಸಹಿ ಹಾಕು’ ಎನ್ನಬಾರದು. ಆಕೆಯೇ ಲೆಕ್ಕದ ಮುಂದೆ ಕುಳಿತು ಹೇಳಿದಾಗ ಗಂಡನಿಗೇ ಗೊತ್ತಿರದ ಕಂತುಗಳು ಹೊರಬರುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಆತನ ವ್ಯಾಪಾರಕ್ಕೆಂದೇ ಆಕೆ ಸಂಘದಿಂದ ಎತ್ತಿದ ಸಾಲದ ಕಂತುಗಳು.