ಶೇ. 7.14 ಕುಸಿತ

ನಮ್ಮ ಬೀದಿಯ ಕೊನೆಗೆ ವಿಶೇಷ ಮಕ್ಕಳ ಶಾಲೆಯೊಂದಿದೆ. ಎರಡು ಕೋಣೆ, ಮೂವರು ಟೀಚರು, ಒಬ್ಬರು ಆಯಾ, 14 ಮಕ್ಕಳು. ಈ ವರ್ಷ ಅಲ್ಲೊಂದು ಅನಾಹುತ ಆಯಿತು. ಒಬ್ಬ ಹುಡುಗ ಕಲಿತುಬಿಟ್ಟ.

ಬಂದಾಗ ಅವನಿಗೆ ಐದು ವರ್ಷ. ಮಾತಿಲ್ಲ, ಯಾರಾದರೂ ಮುಟ್ಟಿದರೆ ಕಿರುಚುತ್ತಿದ್ದ. ಅಂಗಿ ಗುಂಡಿ ಹಾಕಲು ಕಲಿಸುವುದಕ್ಕೇ ಒಂದು ಪೂರ್ತಿ ಮಳೆಗಾಲ ಹಿಡಿಯಿತು. ಮೊದಲು ದೊಡ್ಡ ಗುಂಡಿಯ ಹಳೇ ಸ್ವೆಟರು, ಆಮೇಲೆ ಅಂಗಿ. ಅದೂ ಕೆಳಗಿನ ಗುಂಡಿಯಿಂದ ಮೇಲಕ್ಕೆ. ಯಾಕೆ ಅಂತ ಕೇಳಿದ್ದೆ. "ಕೆಳಗಿನದು ಅವನ ಕಣ್ಣಿಗೆ ಕಾಣುತ್ತೆ. ಕತ್ತಿನ ಹತ್ತಿರದ್ದು ಕಾಣಲ್ಲ ಅಲ್ವಾ?" ಅಂದರು ಟೀಚರು. ನಾನು ಐವತ್ತು ವರ್ಷದಿಂದ ಮೇಲಿನಿಂದಲೇ ಹಾಕಿಕೊಂಡು ಬಂದಿದ್ದೇನೆ, ಇದು ಹೊಳೆದೇ ಇರಲಿಲ್ಲ. ಗುಂಡಿ ಆದ ಮೇಲೆ ಮಾತು ಬಂತು, ಅಕ್ಷರ ಬಂತು, ಮಗ್ಗಿ ಬಂತು. ಜೂನ್‌ನಲ್ಲಿ ರಸ್ತೆಯಾಚೆಯ ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರಿಕೊಂಡ. ಆಯಾ ಎಲ್ಲರಿಗೂ ಮೈಸೂರು ಪಾಕ್ ಹಂಚಿದರು.

ಅದು ಕರಗುವ ಮೊದಲೇ ಸಾಹೇಬರು ತಪಾಸಣೆಗೆ ಬಂದರು. ಹಾಜರಿ ಪುಸ್ತಕ ತೆಗೆದರು, ಮೊಬೈಲ್‌ನಲ್ಲಿ ಲೆಕ್ಕ ಹಾಕಿದರು.

"ಏನ್ ಮೇಡಂ ಇದು? ದಾಖಲಾತಿ ಶೇ. 7.14 ಕುಸಿದಿದೆ!"

"ಒಬ್ಬ ಹುಡುಗ ಸಾರ್. ಚೆನ್ನಾಗಿ ಕಲಿತ, ಅದಕ್ಕೆ..."

"ಕಾರಣ ಬೇಡ. ಕುಸಿತ ಕುಸಿತವೇ."

ಅನುದಾನ ಬರುವುದು ತಲೆಗಿಷ್ಟು ಅಂತ. ತಲೆ ಕಮ್ಮಿಯಾದರೆ ದುಡ್ಡೂ ಕಮ್ಮಿ. ಅಂದರೆ ಹುಡುಗ ಗುಂಡಿ ಹಾಕದೆ, ಮಾತಾಡದೆ ಸುಮ್ನೆ ಕೂತಿದ್ದರೆ ಶಾಲೆಗೆ ಲಾಭ ಇತ್ತು. ಟೀಚರ ಗೌರವಧನವೂ ಅದೇ ದುಡ್ಡಿನಲ್ಲಿ ಬರಬೇಕು. ಹೀಗಿದ್ದೂ ಕಲಿಸುತ್ತಾರಲ್ಲ, ಇವರಿಗೆ ವ್ಯವಹಾರ ಜ್ಞಾನವೇ ಇಲ್ಲ.

ಸಾಹೇಬರ ಹತ್ತಿರ ಪರಿಹಾರ ಇತ್ತು. "ಜಾಥಾ ಮಾಡಿ, ಮನೆಮನೆಗೆ ಹೋಗಿ, ದಾಖಲಾತಿ ಜಾಸ್ತಿ ಮಾಡಿ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರದ್ದರಲ್ಲಿ 21. ಸರ್ಕಾರ ಮೂರು ಪಟ್ಟು ಮಾಡಿಕೊಟ್ಟಿದೆ, ನೀವು ಒಂದು ಮಗು ಜಾಸ್ತಿ ಮಾಡೋಕಾಗಲ್ವಾ?" ನಿಜವೇ. ಆರೋಗ್ಯ ಇಲಾಖೆಯೂ ಕೊಂಚ ಸಹಕರಿಸಬೇಕಿತ್ತು. ಹನಿ ಹಾಕಿ ಹಾಕಿ 2014ರಲ್ಲಿ ದೇಶವನ್ನು ಪೋಲಿಯೊ ಮುಕ್ತ ಅನ್ನಿಸಿಕೊಂಡುಬಿಟ್ಟರು. ದಾಖಲಾತಿಯ ಯೋಚನೆ ಒಬ್ಬರಾದರೂ ಮಾಡಿದರಾ?

ಮೂವರು ಟೀಚರಿರುವುದೂ ಸಾಹೇಬರಿಗೆ ಹೊಟ್ಟೆಯುರಿ. ಬೌದ್ಧಿಕ ತೊಂದರೆ, ಆಟಿಸಂ ಇರುವ ಮಕ್ಕಳಿಗೆ ವಿಶೇಷ ಶಾಲೆಯಲ್ಲಿ ಐವರಿಗೆ ಒಬ್ಬ ಶಿಕ್ಷಕರಿರಬೇಕು ಅಂತ ಸುಪ್ರೀಂ ಕೋರ್ಟು 2021ರಲ್ಲೇ ಹೇಳಿದೆ. "ಎದುರಿನ ಶಾಲೆಯಲ್ಲಿ ಮೂವತ್ತಕ್ಕೆ ಒಬ್ಬರು. ನಿಮ್ಮದು ಆರಾಮ" ಅಂದರು ಸಾಹೇಬರು. ಆಗ ಒಂದು ಮಗು ಅವರ ಫೈಲಿನ ಟ್ಯಾಗನ್ನು ಬಾಯಿಗೆ ಹಾಕಿಕೊಂಡಿತ್ತು. ಬಿಡಿಸಲು ಇಬ್ಬರು ಟೀಚರು ಬೇಕಾದರು.

ಆಮೇಲೆ ಬಂತು ನೋಡಿ, ಫಲಿತಾಂಶ. ನಾವು ಕರ್ನಾಟಕದವರು. ಎಸ್ಸೆಸ್ಸೆಲ್ಸಿ ಬಂದ ದಿನ ಉಡುಪಿ ಎಷ್ಟನೇ ಸ್ಥಾನ, ಯಾದಗಿರಿ ಎಷ್ಟನೇ ಸ್ಥಾನ ಅಂತ ನೋಡದೆ ಕಾಫಿ ಇಳಿಯುವುದಿಲ್ಲ. ಇಲ್ಲಿಗೂ ಶೇಕಡಾ ಬೇಕೇ ಬೇಕು. ಆದರೆ ಇಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಲಿಕೆ ಯೋಜನೆ, 13 ಮಕ್ಕಳಿಗೆ 13 ಪಾಠ.

"ಸರಾಸರಿ ಹೇಳಿ ಸಾಕು" ಅಂದರು ಸಾಹೇಬರು.

ಟೀಚರು ತಡಕಾಡಿದರು. ಈ ವರ್ಷ ಒಬ್ಬಳು ಗೋಡೆ ಹಿಡಿದು ನಿಂತಿದ್ದಾಳೆ. ಇನ್ನೊಬ್ಬ ಬಾತ್‌ರೂಮ್ ಬೇಕು ಅಂತ ಕೈಸನ್ನೆ ಮಾಡಿದ್ದಾನೆ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಏನು ಬರುತ್ತೆ? ಗೋಡೆಯ ಮೇಲೆ ಬಾತ್‌ರೂಮ್ ಬರುತ್ತೆ. ಕೊನೆಗೆ ಸಾಹೇಬರೇ ದಾರಿ ತೋರಿಸಿದರು. "ಶೇ. 62 ಅಂತ ಬರ್ಕೊಳ್ಳಿ. ಜಾಸ್ತಿ ಬರೆದರೆ ಮೇಲಿನವರು ನಂಬಲ್ಲ, ಕಮ್ಮಿ ಬರೆದರೆ ನೋಟಿಸ್ ಬರುತ್ತೆ."

ಹೋಗುವಾಗ ಬೋರ್ಡಿನತ್ತ ಬೆರಳು ತೋರಿಸಿದರು. ಪದ ಹಳೆಯದಾಯಿತಂತೆ. ಅಂಗವಿಕಲ ಹೋಗಿ ವಿಕಲಚೇತನ ಬಂತು, ಆಮೇಲೆ ವಿಶೇಷಚೇತನ, ಅದರ ಜೊತೆಗೆ ದಿವ್ಯಾಂಗ. ಈ ಕ್ಷೇತ್ರದಲ್ಲಿ ಕಾಯಂ ಕೆಲಸ ಇರುವುದು ಬೋರ್ಡ್ ಬರೆಯುವವನಿಗೆ ಮಾತ್ರ.

ಉಳಿದದ್ದು ಒಂದು ಫಾರಂ. ಮಗು ಶಾಲೆ ಬಿಟ್ಟ ಕಾರಣಕ್ಕೆ ಟಿಕ್ ಹಾಕಬೇಕು: ಬಡತನ, ಅನಾರೋಗ್ಯ, ವಲಸೆ, ಮರಣ. ಕಲಿತು ಹೋದ ಅನ್ನುವುದು ಪಟ್ಟಿಯಲ್ಲೇ ಇಲ್ಲ. ಟೀಚರು ನಾಲ್ಕನ್ನೂ ಎರಡು ಸಲ ಓದಿ 'ವಲಸೆ'ಗೆ ಟಿಕ್ ಹಾಕಿದರು.

ವಲಸೆ ಹೋದವನು ದಿನಾ ಮಧ್ಯಾಹ್ನ ಬಿಸಿಯೂಟ ಮುಗಿಸಿ, ಕೈ ಒರೆಸಿಕೊಳ್ಳುತ್ತಾ ಎದುರಿನ ಗೇಟಿಗೆ ಬಂದು ನಿಲ್ಲುತ್ತಾನೆ. "ಟೀಚರ್, ಊಟ ಆಯ್ತಾ?" ಅಂತ ರಸ್ತೆಯಾಚೆಯಿಂದ ಕೂಗುತ್ತಾನೆ. ಅಂಗಿ ಗುಂಡಿ ಅಷ್ಟೂ ಸರಿಯಾಗಿ ಹಾಕಿರುತ್ತಾನೆ.

ಮೊನ್ನೆ ಟೀಚರ ಮೊಬೈಲಿಗೆ ಹೊಸ ಆದೇಶ ಬಂತು. ಶಾಲೆ ಬಿಟ್ಟ ಮಗುವನ್ನು ಮರಳಿ ಕರೆತರಲು ಕೈಗೊಂಡ ಕ್ರಮವೇನು, ಫೋಟೊ ಸಹಿತ ಮೂರು ದಿನದೊಳಗೆ ತಿಳಿಸಬೇಕಂತೆ.