ಬೆವರಿಲ್ಲದ ಪದವಿಗೆ ಕೆಲವು ಸಲಹೆಗಳು

ಕ್ರೀಡಾ ವಿಜ್ಞಾನ ಮತ್ತು ರಂಗಭೂಮಿ, ಈ ಎರಡೂ ಕೋರ್ಸುಗಳನ್ನು ಒಂದೇ ಏಟಿಗೆ ತೆರೆದ ಕಾಲೇಜುಗಳಿಗೆ ಮೊದಲು ಅಭಿನಂದನೆ. ಎರಡಕ್ಕೂ ಬೇಕಾದ್ದು ಒಂದು ದೊಡ್ಡ ಹಾಲ್. ಎರಡರಲ್ಲೂ ಇರುವ ತೊಂದರೆ ಕೂಡ ಒಂದೇ: ವಿದ್ಯಾರ್ಥಿಗಳಿಗೆ ಮೈ ಇರುತ್ತದೆ, ಅದು ಅಲುಗಾಡುತ್ತದೆ. ಅದನ್ನು ಬೆಂಚಿನ ಮೇಲೆ ಕೂರಿಸಿ ಪದವಿ ಕೊಟ್ಟು ಕಳಿಸುವುದು ಹೇಗೆಂದು ತಿಳಿಯಬಯಸುವ ಪ್ರಾಂಶುಪಾಲರಿಗಾಗಿ ಈ ಕೆಳಗಿನ ಸಲಹೆಗಳು.

ಬೀಪ್ ಸದ್ದಿಗೆ ಸರಿಯಾಗಿ ಗೆರೆಯಿಂದ ಗೆರೆಗೆ ಓಡಿಸಿ ದಮ್ಮು ಅಳೆಯುವ ಬೀಪ್ ಟೆಸ್ಟ್‌ಗೆ ಎರಡು ಗೆರೆಗಳ ನಡುವೆ 20 ಮೀಟರ್ ಬೇಕು, ಜೊತೆಗೆ ಗೆರೆಯಾಚೆ ತಿರುಗಲು ಸ್ವಲ್ಪ ಜಾಗ. ವೇದಿಕೆ ಕಟ್ಟಿದ ಮೇಲೆ ನಿಮ್ಮಲ್ಲಿ ಉಳಿದದ್ದು 18. ಚಿಂತೆ ಬೇಡ, ಗೆರೆಯನ್ನು ಅಲ್ಲಿಗೇ ಎಳೆಯಿರಿ. ಬೀಪ್ ಹೊಡೆಯುವ ಪೆಟ್ಟಿಗೆಗೆ ಕಣ್ಣಿಲ್ಲ. ಗಂಟೆಗೆ 8.5 ಕಿ.ಮೀ. ವೇಗದಲ್ಲಿ ಶುರುವಾಗಿ ನಿಮಿಷಕ್ಕೆ ಅರ್ಧ ಕಿ.ಮೀ. ಏರುವ ಈ ಪರೀಕ್ಷೆಯಲ್ಲಿ ಹತ್ತನೇ ಹಂತದ ವೇಗ 13 ಕಿ.ಮೀ. 18 ಮೀಟರಿನ ಹಾಲ್‌ನಲ್ಲಿ ಅದೇ ಬೀಪ್‌ಗೆ ಓಡಿದವನ ನಿಜವಾದ ವೇಗ 11.7, ಅಂದರೆ ಏಳನೇ ಹಂತ ದಾಟಿ ಒಂದಿಷ್ಟು. ಒಂದು ದಿನವೂ ತರಬೇತಿ ಕೊಡದೆ ತರಗತಿಯನ್ನೆಲ್ಲ ಎರಡೂವರೆ ಹಂತ ಮೇಲೆತ್ತಿದ ಶ್ರೇಯ ನ್ಯಾಯವಾಗಿ ವೇದಿಕೆ ಕಟ್ಟಿದ ಬಡಗಿಗೆ ಸಲ್ಲಬೇಕು. ವಾರ್ಷಿಕ ವರದಿಯಲ್ಲಿ ಬರುವುದು ವಿಭಾಗ ಮುಖ್ಯಸ್ಥರ ಹೆಸರು, ಆ ಮಾತು ಬೇರೆ.

ಇನ್ನು ಉಸಿರಿನ ಅನಿಲ ಅಳೆಯುವ ಯಂತ್ರ. ಕೈಪಿಡಿಯ ಪ್ರಕಾರ ಪ್ರತಿ ಪರೀಕ್ಷೆಗೂ ಮುನ್ನ 3 ಲೀಟರ್ ಸಿರಿಂಜ್ ಎಳೆದು ತಳ್ಳಿ ಗಾಳಿಯ ಅಳತೆ ಸರಿಪಡಿಸಬೇಕು, ಆಮೇಲೆ ಶೇ. 16ರಷ್ಟು ಆಮ್ಲಜನಕ, ಶೇ. 4ರಿಂದ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಸಿಲಿಂಡರ್ ಜೋಡಿಸಿ ಸೆನ್ಸರ್ ತಾಳೆ ನೋಡಬೇಕು. ಅನುದಾನದ ಅರ್ಜಿಯಲ್ಲಿ ಯಂತ್ರಕ್ಕೆ ಕಾಲಂ ಇದೆ, ಸಿಲಿಂಡರ್ ತುಂಬಿಸುವುದಕ್ಕಿಲ್ಲ. ಹಾಗಾಗಿ ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ, ಬೀಗ ಹಾಕಿ, ಬೀಗದ ಕೈ ಗುಮಾಸ್ತರಿಗೆ ಕೊಡುವುದು ರೂಢಿ. ‘ಬಳಸಿದರೆ ಹಾಳಾಗುತ್ತದೆ’ ಎಂಬ ಕಾಳಜಿ ಮೆಚ್ಚುವಂಥದ್ದೇ. ಆದರೆ ಇಂಥ ಹಲವು ಯಂತ್ರಗಳಲ್ಲಿರುವ ಆಮ್ಲಜನಕದ ಕೋಶ ರಾಸಾಯನಿಕ ಕ್ರಿಯೆಯಿಂದ ಕೆಲಸ ಮಾಡುವಂಥದ್ದು. ಗಾಳಿ ತಾಗುತ್ತಿದ್ದರೆ ಸಾಕು, ಯಾರೂ ಮುಟ್ಟದಿದ್ದರೂ ಸವೆಯುತ್ತದೆ. ಒಂದೆರಡು ವರ್ಷಕ್ಕೆ ಅದು ಬೀಗದೊಳಗೇ ಸಾಯುತ್ತದೆ. ಸ್ಟಾಕ್ ರಿಜಿಸ್ಟರ್‌ನಲ್ಲಿ ಮಾತ್ರ ‘ಸುಸ್ಥಿತಿಯಲ್ಲಿದೆ’.

ಚರ್ಮದ ಮಡಿಕೆ ಅಳೆಯುವ ಕ್ಯಾಲಿಪರ್‌ಗೆ ಇಷ್ಟು ರಗಳೆಯಿಲ್ಲ. ದೇಹದ ಬಲಭಾಗದಲ್ಲಿ ಗುರುತು ಹಾಕಿ, ಹೆಬ್ಬೆರಳು ತೋರುಬೆರಳಿನಿಂದ ಮಡಿಕೆ ಹಿಡಿದೆತ್ತಿ, ಬೆರಳಿನಿಂದ ಒಂದು ಸೆಂ.ಮೀ. ದೂರದಲ್ಲಿ ಕಚ್ಚಿಸಿ, ಎರಡು ಸೆಕೆಂಡಿಗೆ ಓದಿದರೆ ಮುಗಿಯಿತು. ತಡಮಾಡಿದರೆ ಕೊಬ್ಬು ಅದುಮಿಕೊಂಡು ಅಂಕಿ ಇಳಿಯುತ್ತದೆ, ಬಟ್ಟೆಯ ಮೇಲಿಂದ ಹಿಡಿದರೆ ಅಂಗಿಯ ದಪ್ಪವೂ ಕೊಬ್ಬಿನ ಲೆಕ್ಕಕ್ಕೆ ಸೇರುತ್ತದೆ. ಇದಕ್ಕಿಂತ ಸುಲಭದ ದಾರಿ ಈಗಾಗಲೇ ಚಾಲ್ತಿಯಲ್ಲಿದೆ: ಒಬ್ಬನನ್ನು ಅಳೆದು, ನಲವತ್ತು ಜನ ರೆಕಾರ್ಡ್ ಪುಸ್ತಕಕ್ಕೆ ನಕಲು ಮಾಡುವುದು. ಇಡೀ ತರಗತಿಯ ತೊಡೆಯಲ್ಲಿ ದಶಮಾಂಶ ಸ್ಥಾನದವರೆಗೂ ಒಂದೇ ಕೊಬ್ಬು! ಸಮಾನತೆಯನ್ನು ಇಷ್ಟು ನಿಖರವಾಗಿ ಬೇರಾವ ವಿಭಾಗವೂ ಸಾಧಿಸಿಲ್ಲ.

ರಂಗಭೂಮಿ ವಿಭಾಗದ್ದು ಬೇರೆಯೇ ಶಿಸ್ತು. ನಟನ ಮುಖಕ್ಕೆ ಎರಡೂ ಬದಿಯಿಂದ ಸುಮಾರು 45 ಡಿಗ್ರಿ ಕೋನದಲ್ಲಿ ಬೆಳಕು ಬೀಳಬೇಕು, ಒಂದು ಬೆಚ್ಚನೆಯ ಬಣ್ಣದ್ದು, ಇನ್ನೊಂದು ತಣ್ಣನೆಯದು. ರಂಗದ ಬೆಳಕಿನ ಪಾಠ ಹೇಳುತ್ತಿದ್ದ ಅಮೆರಿಕದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ 1932ರಲ್ಲೇ ಬರೆದಿಟ್ಟ ಕ್ರಮ ಇದು. ವಿದ್ಯಾರ್ಥಿಗಳು ಇದರ ಚಿತ್ರವನ್ನು ಕೋನಮಾಪಕ ಇಟ್ಟು ಚೆಂದವಾಗಿ ಬರೆಯುತ್ತಾರೆ. ಹಾಲ್‌ನಲ್ಲಿರುವುದು ನಾಲ್ಕು ಟ್ಯೂಬ್‌ಲೈಟ್, ಒಂದು ಸ್ವಿಚ್. ಅಪ್ಪಿತಪ್ಪಿ ಯಾರೋ 1000 ವ್ಯಾಟಿನ ಆರು ದೀಪ ಬಾಡಿಗೆಗೆ ತಂದು 16 ಆಂಪಿಯರ್‌ನ ಒಂದೇ ಲೈನಿಗೆ ಸಿಕ್ಕಿಸುತ್ತಾರೆ. 230 ವೋಲ್ಟಿನಲ್ಲಿ ಆರು ಕಿಲೋವ್ಯಾಟ್ ಎಂದರೆ 26 ಆಂಪಿಯರ್. ಬ್ರೇಕರ್ ಬೀಳುತ್ತದೆ, ಅದೇ ಲೈನಿನ ಟ್ರೆಡ್‌ಮಿಲ್ಲೂ ನಿಲ್ಲುತ್ತದೆ. ಮೂರು ವರ್ಷದ ಕೋರ್ಸಿನಲ್ಲಿ ವಿದ್ಯಾರ್ಥಿಗಳು ಕಣ್ಣಾರೆ ಕಂಡ ಏಕೈಕ ಬ್ಲ್ಯಾಕ್‌ಔಟ್ ಅದು.

ಆಶು ಅಭಿನಯದ ಪರೀಕ್ಷೆಗೆ ಸಂಭಾಷಣೆಯನ್ನು ಎರಡು ವಾರ ಮೊದಲೇ ಮೂರು ಪ್ರತಿಗಳಲ್ಲಿ ಸಲ್ಲಿಸಿ ಸಹಿ ಹಾಕಿಸಿಕೊಳ್ಳಬೇಕು, ತಿದ್ದುಪಡಿಗೆ ಅವಕಾಶವಿಲ್ಲ. ಕಲಿಕೆಯ ಫಲಿತವೆಲ್ಲ ಅಳತೆಗೆ ಸಿಗಬೇಕೆಂಬ ನಿಯಮ ಬಂದ ಮೇಲೆ ಅಳುವುದಕ್ಕೂ ಕೋಷ್ಟಕ ಬಂದಿದೆ: ಕಣ್ಣು ಒದ್ದೆಯಾದರೆ ಎರಡು ಅಂಕ, ಹನಿ ಕೆನ್ನೆಗಿಳಿದರೆ ಮೂರು. ಅಳು ನುಂಗಿಕೊಂಡು ಮಾತಾಡುವ ನಟಿಗೆ ಸೊನ್ನೆ, ಯಾಕೆಂದರೆ ದಾಖಲೆಗೆ ಏನೂ ಸಿಗಲಿಲ್ಲ. ಧ್ವನಿ ಪ್ರಯೋಗದ ತರಗತಿ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ. ಕೊನೆಯ ಸಾಲಿಗೆ ಮಾತು ಮುಟ್ಟಿಸುವುದು ಹೇಗೆಂಬ ಪಾಠವನ್ನು ಪಿಸುಗುಟ್ಟಿ ಮಾಡಲಾಗುತ್ತದೆ.

ವೇಳಾಪಟ್ಟಿಯ ಜಾಣ್ಮೆಯನ್ನೂ ಹೇಳಬೇಕು. ದಣಿಯುವವರೆಗೆ ಓಡಿಸುವ ಪರೀಕ್ಷೆಗೆ ಮುಂಚಿನ ಎರಡು ಮೂರು ಗಂಟೆ ಹೊಟ್ಟೆ ತುಂಬ ಉಣ್ಣಬಾರದು. ಅದಕ್ಕೇ ಅದನ್ನು ಊಟದ ಬಿಡುವು ಮುಗಿದ ಮರುನಿಮಿಷಕ್ಕೆ ಇಡಲಾಗಿದೆ. ಹೃದಯದ ತೊಂದರೆ, ಎದೆನೋವು, ತಲೆಸುತ್ತು ಉಂಟೇ ಎಂದು ಕೇಳುವ ಪ್ರಶ್ನಾವಳಿಯನ್ನು ಓಟ ಮುಗಿದ ಮೇಲೆ ತುಂಬಿಸುತ್ತಾರೆ. ಆಗ ಉತ್ತರ ಹೆಚ್ಚು ಖಚಿತವಾಗಿರುತ್ತದೆ.

ಹೃದಯ ನಿಂತರೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಕಾಲೇಜಿನಲ್ಲಿ ಇಲ್ಲದೇನಿಲ್ಲ. ಎದೆ ಒತ್ತುವವರೂ ಇಲ್ಲದಿದ್ದರೆ, ಆಘಾತ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. ಯಂತ್ರ ಇರುವುದು ಕಚೇರಿಯ ಬೀರುವಿನಲ್ಲಿ, ಬೀಗದ ಕೈ ಮತ್ತದೇ ಗುಮಾಸ್ತರ ಬಳಿ, ಗುಮಾಸ್ತರು ರಜೆಯಲ್ಲಿ. ಎದೆಗೆ ಅಂಟಿಸುವ ಪ್ಯಾಡುಗಳ ಅವಧಿ ಮುಗಿದಿದೆ. ಲೆಕ್ಕಪರಿಶೋಧಕರು ಬಂದಾಗ ಬೀರು ತೆಗೆಸಿ, ಪ್ಯಾಡಿನ ಸೀಲ್ ಒಡೆದಿಲ್ಲವೆಂಬುದನ್ನು ಎರಡು ಸಲ ಖಾತ್ರಿಪಡಿಸಿಕೊಂಡು, ಷರಾ ಕಾಲಂನಲ್ಲಿ ‘ಉತ್ತಮ ನಿರ್ವಹಣೆ’ ಎಂದು ಬರೆದು ಹೋಗಿದ್ದಾರೆ.